ಹಲ್ಲಿನ ಹಾದಿ

ಟಕ್.

ಎಲ್ಲರೂ ಮಲಗಿದ ಮೇಲೆ ನಮ್ಮ ಮನೆಯಲ್ಲಿ ಕೇಳಿಸುವ ಸದ್ದುಗಳೆಲ್ಲ ನನಗೆ ಪರಿಚಿತ. ಫ್ರಿಜ್ಜು ನಿಟ್ಟುಸಿರು ಬಿಡುತ್ತದೆ, ಬಚ್ಚಲ ನಲ್ಲಿ ತೊಟ್ಟಿಕ್ಕುತ್ತದೆ, ಮಹಡಿಯ ಬಾಗಿಲು ಗಾಳಿಗೆ ಗೊಣಗುತ್ತದೆ. ಇದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಹಲ್ಲಿಗೆ ಹಲ್ಲು ತಾಗಿದಂಥ ಸಣ್ಣ, ಒಣ ಸದ್ದು. ಸ್ವಲ್ಪ ಬಿಟ್ಟು ಮತ್ತೆ, ಟಕ್.

ಮಾತ್ರೆ ಡಬ್ಬಿಗಳೊಳಗೆ ಮಡಚಿಡುವ ಚೀಟಿಗಳನ್ನು ತಿದ್ದುವುದು ನನ್ನ ಕೆಲಸ. ‘ಅಪರೂಪಕ್ಕೆ ತಲೆಸುತ್ತು, ತೀರಾ ಅಪರೂಪಕ್ಕೆ ಉಸಿರಾಟದ ತೊಂದರೆ’ ಎಂಬಂಥ ವಾಕ್ಯಗಳ ನಡುವೆ ದಿನ ಕಳೆಯುವವಳಿಗೆ, ಗೊತ್ತಿಲ್ಲದ ಸದ್ದು ಕೇಳಿದ ಮೇಲೆ ಮಗ್ಗುಲು ಬದಲಿಸಿ ಮಲಗಲು ಆಗುವುದಿಲ್ಲ. ಎದ್ದೆ. ಕೈಗೆ ಸಿಕ್ಕ ಛತ್ರಿ ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದೆ.

ಅಲ್ಲಿ ಅಪ್ಪ ಮೇಜಿನ ದೀಪವನ್ನು ನೆಲಕ್ಕಿಳಿಸಿಕೊಂಡು ಕೂತು, ಪುಟ್ಟ ಸುತ್ತಿಗೆಯಿಂದ ಒಂದು ಪ್ಲಾಸ್ಟರ್ ದವಡೆಯ ಹಿಂಭಾಗವನ್ನು ಮೆಲ್ಲಗೆ ಉದುರಿಸುತ್ತಿದ್ದ. ಸುತ್ತ ಗೋಣಿಚೀಲಗಳು. ಚೀಲಗಳ ಬಾಯಿಂದ ಬಿಳಿ ದವಡೆಗಳು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿದ್ದವು.

“ಛತ್ರಿ ಯಾಕೆ? ಒಳಗೆ ಮಳೆ ಬರ್ತಿದ್ಯಾ?” ಎಂದ.

“ಕಳ್ಳ ಅಂದ್ಕೊಂಡೆ.”

“ಹಲ್ಲು ಕದಿಯೋಕೆ ಯಾವ ಕಳ್ಳ ಬರ್ತಾನೆ ಕಣೇ? ಬೊಚ್ಚುಬಾಯಿ ಕಳ್ಳನಾ?”

ಅಪ್ಪನದು ಹಲ್ಲು ಕಟ್ಟುವ ಕಸುಬು. ದಂತವೈದ್ಯರು ಹಲ್ಲು ಕೀಳುವ ಮುಂಚೆ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅಪ್ಪ ಅದಕ್ಕೆ ಪ್ಲಾಸ್ಟರ್ ಹೊಯ್ದು, ಆ ಬಿಳಿ ದವಡೆಯನ್ನು ಮುಂದಿಟ್ಟುಕೊಂಡು ಹೊಸ ಹಲ್ಲಿನ ಸೆಟ್ ಮಾಡುತ್ತಾನೆ. ಸೆಟ್ ಬಾಯಿಗೆ ಹೋಗುತ್ತದೆ, ಪ್ಲಾಸ್ಟರ್ ನಮ್ಮ ಮನೆಯಲ್ಲಿ ಉಳಿಯುತ್ತದೆ. ಎಸೆದರೆ ಯಾರಾದರೂ ನೋಡಿ ಇದು ಇಂಥವರ ಬಾಯಿ ಎಂದು ಗುರುತು ಹಿಡಿದಾರು ಎಂಬ ಹೆದರಿಕೆಗೆ ಅಪ್ಪ ಈವರೆಗೆ ಒಂದನ್ನೂ ಎಸೆದಿರಲಿಲ್ಲ. ಈ ಊರಿನ ಅರ್ಧ ನಗು ಅಪ್ಪನ ಕೈಯಿಂದ ಬಂದದ್ದು. ಯಾವ ಅರ್ಧ ಎಂದು ಮಾತ್ರ ಅವನು ಬಾಯಿ ಬಿಡುವುದಿಲ್ಲ. ರಸ್ತೆಯಲ್ಲಿ ಯಾರನ್ನೂ ತಾನಾಗಿ ಮಾತಾಡಿಸುವುದೂ ಇಲ್ಲ. “ಹಲ್ಲು ಕಟ್ಟೋನು ನಮಸ್ಕಾರ ಅಂದ್ರೆ, ಪಕ್ಕದಲ್ಲಿರೋರು ಅವರ ಬಾಯಿ ನೋಡ್ತಾರೆ” ಎನ್ನುತ್ತಾನೆ. ಹೀಗಾಗಿ ಅಪ್ಪನಿಗೆ ಸೊಕ್ಕಿನವನು ಎಂಬ ಹೆಸರು ಬಂದಿದೆ. ನಮ್ಮ ಬೀದಿಯ ಸಲೂನಿನ ಮಾಮ ಇದಕ್ಕೆ ತೀರಾ ಉಲ್ಟಾ. ಯಾರ ಮೀಸೆಗೆ ಬಣ್ಣ, ಯಾರ ಬೋಳುತಲೆಗೆ ಟೋಪನ್ ಎಂದು ಗಿರಾಕಿಗಳಿಗೆಲ್ಲ ಕತ್ತರಿಯ ಸದ್ದಿನ ಜೊತೆಗೇ ಸುದ್ದಿಯನ್ನೂ ಹಂಚುತ್ತಾನೆ.

ಈ ದವಡೆಗಳ ಮೇಲೆ ಕಣ್ಣು ಹಾಕಿದವಳು ನನ್ನ ತಂಗಿ.

ತಂಗಿ ತೋಟಗಳ ವಿನ್ಯಾಸ ಮಾಡುತ್ತಾಳೆ. ಅಂದರೆ, ಕಾರು ನಿಲ್ಲಿಸುವ ಜಾಗಗಳ ಸುತ್ತ ಬೇಲಿಗಿಡ ನೆಡಿಸುತ್ತಾಳೆ. ಉಳಿದ ಹೊತ್ತೆಲ್ಲ ಕಾಗದದ ಮೇಲೆ ಸ್ವರ್ಗ ಬರೆಯುತ್ತಾಳೆ. ವರ್ಷಕ್ಕೊಮ್ಮೆ ನಡೆಯುವ ತೋಟಗಳ ಪ್ರದರ್ಶನದಲ್ಲಿ ಹಿಂದೆ ಎರಡು ಸಲ ಸೋತಿದ್ದಳು. ಈ ಸಲ ಅವಳ ಕೈಯಲ್ಲಿ ಮೂರು ಜಾತಿಯ ಗಿಡಗಳಿದ್ದವು. ಜಿಪ್ಸಮ್ ಗುಡ್ಡಗಳ ಮೇಲಲ್ಲದೆ ಬೇರೆಲ್ಲೂ ಬದುಕದ ಗಿಡಗಳು. ಅಗೆದು ಅಗೆದು ಗುಡ್ಡವೇ ಮುಗಿದುಹೋಗಿತ್ತು. ಗಿಡಗಳು ಮಾತ್ರ ತಂಗಿಗೆ ಕಾಲೇಜಿನಲ್ಲಿ ಪಾಠ ಹೇಳಿದ್ದ ಮೇಡಂ ಒಬ್ಬರ ಬಾಲ್ಕನಿಯಲ್ಲಿ, ಕುಂಡಗಳಲ್ಲಿ ಉಳಿದಿದ್ದವು. ಮೇಡಂ ವಯಸ್ಸಾಗಿ ಮಗಳ ಮನೆಗೆ ಹೊರಟಾಗ ಕುಂಡಗಳನ್ನು ತಂಗಿಯ ಕೈಗಿತ್ತು, “ಹೇಗಾದ್ರೂ ಮಾಡಿ ಇವನ್ನ ನೆಲಕ್ಕೆ ಸೇರ್ಸು” ಎಂದಿದ್ದರು.

ಅವುಗಳಲ್ಲಿ ಒಂದಕ್ಕೆ ನಾವು ‘ಮುನಿಸಿ’ ಎಂದು ಹೆಸರಿಟ್ಟಿದ್ದೆವು. ಬೆಳ್ಳಿಬಣ್ಣದ ಎಲೆ, ಗುಂಡುಸೂಜಿಯ ತಲೆಯಷ್ಟು ಹಳದಿ ಹೂವು, ರಾಣಿಯ ಸಿಟ್ಟು. ನೀರು ಹಾಕಿದರೂ ಮುನಿಸು, ಹಾಕದಿದ್ದರೂ ಮುನಿಸು. ಎಲ್ಲಿ ಇಟ್ಟರೂ ಬಾಡುತ್ತಿದ್ದ ಮುನಿಸಿಯನ್ನು ತಂಗಿ ಒಮ್ಮೆ ಜಾಗವಿಲ್ಲದೆ ಅಪ್ಪನ ಗೋಣಿಚೀಲದ ಪಕ್ಕ ಇಟ್ಟಿದ್ದಳು. ಪ್ಲಾಸ್ಟರ್ ಪುಡಿ ಕುಂಡದೊಳಗೆ ಸುರಿದು ಒಂದು ವಾರ ಕಳೆದಿರಲಿಲ್ಲ, ಮುನಿಸಿ ಚಿಗುರಿ ನಿಂತಿತು.

“ಅಪ್ಪಾ! ನಿನ್ನ ಪ್ಲಾಸ್ಟರ್ ಅಂದ್ರೆ ಜಿಪ್ಸಮ್ಮೇ ಅಲ್ವಾ!” ತಂಗಿ ಅಡುಗೆಮನೆಯಿಂದ ಹಿಂದಿನ ಕೋಣೆಯವರೆಗೆ ಕುಣಿದುಕೊಂಡೇ ಬಂದಿದ್ದಳು.

“ಮತ್ತಿನ್ನೇನು, ಮೈದಾಹಿಟ್ಟಾ?”

ಹೀಗೆ ಹುಟ್ಟಿತು ತೋಟ. ಹೊಸದಾಗಿ ಕೊಂಡದ್ದು ಒಂದು ಮೊಳೆಯೂ ಇರಬಾರದು, ಎಲ್ಲವೂ ನಮ್ಮ ಒಂದೇ ಬೀದಿಯ ಕಸದಿಂದ ಬರಬೇಕು ಎಂದು ತಂಗಿ ಪಣ ತೊಟ್ಟಳು. ಒಡೆದ ಮನೆಯ ಬಾಗಿಲುಗಳು ಗೋಡೆಯಾದವು. ದರ್ಜಿಯ ಅಂಗಡಿಯ ಚಿಂದಿಯನ್ನು ಒತ್ತಿ ಬೆಂಚು ಮಾಡಿದಳು. ಸಲೂನಿನ ಮಾಮನ ಅಂಗಡಿಯ ಕೂದಲನ್ನು ಚಾಪೆಯಂತೆ ಹೆಣೆದು, ಮಣ್ಣು ಒಣಗದಂತೆ ಗಿಡಗಳ ಬುಡಕ್ಕೆ ಹಾಸಿದಳು. ಅಪ್ಪನ ದವಡೆಗಳನ್ನು ಪುಡಿ ಮಾಡಿ ಹಾದಿಗೂ ಪಾತಿಗೂ ಸುರಿಯುವುದು. ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಒಂದು ಹಲ್ಲೂ ಇಡಿಯಾಗಿ ಕಾಣಿಸಬಾರದು.

“ಪುಡಿ ಆದ್ಮೇಲೆ ಯಾರ ಹಲ್ಲೂ ಯಾರದ್ದೂ ಅಲ್ಲ. ಅಲ್ಲಿವರೆಗೆ ಮಾತ್ರ ಅದು ಗುಟ್ಟು” ಎಂದಿದ್ದ.

ಮೊದಲ ಬಹುಮಾನ ಬಂದ ತೋಟವನ್ನು ಕೆಡವುವುದಿಲ್ಲ. ಅದನ್ನು ಪ್ರದರ್ಶನ ನಡೆಯುವ ಊರಿನ ಪಾರ್ಕಿನಲ್ಲೇ ಶಾಶ್ವತವಾಗಿ ಉಳಿಸುತ್ತಾರೆ. ಎರಡನೆಯದೂ ಮೂರನೆಯದೂ ಲಾರಿ ಹತ್ತಿ ಹೋಗುತ್ತವೆ. ಅಂದರೆ ಮುನಿಸಿಗೆ ನೆಲ ಸಿಗಬೇಕಾದರೆ ತಂಗಿ ಗೆಲ್ಲಲೇಬೇಕು. ಒಮ್ಮೆ ನೆಲದಲ್ಲಿ ಬೇರು ಬಿಟ್ಟದ್ದನ್ನು ಕಿತ್ತು ಮತ್ತೆ ಕುಂಡಕ್ಕೆ ಹಾಕಿದರೆ ಅದು ಉಳಿಯುವುದಿಲ್ಲ ಎಂದು ಮೇಡಂ ಮೊದಲೇ ಹೇಳಿದ್ದರು.

ನಾನು ತೋಟದ ಫಲಕಗಳನ್ನು ಬರೆದುಕೊಟ್ಟೆ. ‘ಈ ಗಿಡವು ಬಹುಶಃ, ಸೂಕ್ತ ಪರಿಸ್ಥಿತಿಯಲ್ಲಿ, ಹೂ ಬಿಡಬಹುದು’ ಎಂದು ಬರೆದಿದ್ದೆ. ತಂಗಿ ಪೆನ್ನು ತೆಗೆದುಕೊಂಡು ‘ಹೂ ಬಿಡುತ್ತದೆ’ ಎಂದು ತಿದ್ದಿದಳು. “ಅಕ್ಕ, ಇದು ಗಿಡ. ಜ್ವರದ ಮಾತ್ರೆ ಅಲ್ಲ.”

ಗೆಲುವಿಗೆ ಅಡ್ಡ ನಿಂತಿದ್ದದ್ದು ಒಂದು ನಗು. ಪ್ರದರ್ಶನದ ಮುಖ್ಯ ತೀರ್ಪುಗಾರ್ತಿಯದು. ಪ್ರತಿ ವರ್ಷ ಪತ್ರಿಕೆಯಲ್ಲಿ ಅವರ ಫೋಟೋ ಬರುತ್ತದೆ: ಅಗಲವಾದ ನಗು, ಎಡಗಡೆಯ ಮುಂದಿನ ಹಲ್ಲು ಪಕ್ಕದ ಹಲ್ಲಿನ ಮೇಲೆ ಒಂದಿಷ್ಟು ಹತ್ತಿ ಕೂತಿದೆ. ಆ ಸೊಟ್ಟ ಹಲ್ಲಿಗೇ ಅಭಿಮಾನಿಗಳಿದ್ದರು. “ನೋಡಿ, ಸರಿ ಮಾಡಿಸ್ಕೊಂಡಿಲ್ಲ, ಎಷ್ಟು ಸಹಜ” ಎನ್ನುತ್ತಿದ್ದರು. ಅವರಿಗೆ ನಕಲಿ ಎಂದರೆ ಆಗದು. ಒಬ್ಬ ಬಡಪಾಯಿಯ ತೋಟದಲ್ಲಿ ಒಂದೇ ಒಂದು ಪ್ಲಾಸ್ಟಿಕ್ ಎಲೆ ಕಂಡು ಇಡೀ ತೋಟವನ್ನೇ ಸ್ಪರ್ಧೆಯಿಂದ ಹೊರಗೆ ಹಾಕಿದ್ದರು, ಅದೂ ನಗುನಗುತ್ತಾ. ತಂಗಿ ಊಟದ ಹೊತ್ತಿನಲ್ಲಿ ತುಟಿ ಅಗಲಿಸಿ, ಮುಂದಿನ ಹಲ್ಲು ತೋರಿಸಿ ಆ ನಗುವನ್ನು ಅಣಕಿಸುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆಗೆಲ್ಲ ಅಪ್ಪ ತಟ್ಟೆಯಲ್ಲಿ ಏನನ್ನೋ ಹುಡುಕುತ್ತಿರುತ್ತಿದ್ದ.

ಛತ್ರಿ ಹಿಡಿದು ನಿಂತಿದ್ದ ಆ ರಾತ್ರಿ ನನಗೆ ಇದೊಂದೂ ಹೊಳೆಯಲಿಲ್ಲ. ಅಪ್ಪ ದವಡೆಯ ಹಿಂಭಾಗವನ್ನೆಲ್ಲ ಉದುರಿಸಿ, ಮುಂದಿನ ಹಲ್ಲುಗಳಷ್ಟೇ ಉಳಿದ ತುಂಡನ್ನು ದೀಪಕ್ಕೆ ಹಿಡಿದು ನೋಡುತ್ತಿದ್ದ.

“ಅದೊಂದನ್ನ ಯಾಕೆ ಇಟ್ಕೊಂಡೆ? ಎಲ್ಲ ಪುಡಿ ಆಗ್ಬೇಕು ಅಂದೋನು ನೀನೇ.”

“ಆಗತ್ತೆ, ಆಗತ್ತೆ. ಇದೊಂದು ಒಳ್ಳೇ ಕೆಲಸ ಆಗಿತ್ತು ಕಣೇ. ಕೀಳೋಕೆ ಮುಂಚೆ ಇದ್ದ ಹಾಗೇ ಕಟ್ಟಿಕೊಟ್ಟೆ. ಸೊಟ್ಟ ಇದ್ದಿದ್ದನ್ನ ಸೊಟ್ಟಾನೇ ಇಟ್ಟೆ. ನೇರ ಮಾಡೋದು ಸುಲಭ, ಯಾರು ಬೇಕಾದ್ರೂ ಮಾಡ್ತಾರೆ.”

“ಯಾರದಪ್ಪಾ?”

“ಒಂದು ಬಾಯಿದು.”

ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ದೀಪ ಆರಿಸಿದ.

ಮರುದಿನ ಸಂಜೆ ಹಾದಿಗೆ ಕೊನೆಯ ಪದರ ಸುರಿದದ್ದು ಅಪ್ಪನೇ. ಬೇರೆಯವರು ಮಾಡಿದರೆ ಸಮ ಬರುವುದಿಲ್ಲ ಎಂದು ಬಗ್ಗಿ ಬಗ್ಗಿ, ಒಂದು ಹಲಗೆ ತುಂಡಿನಿಂದ ಸವರಿದ. ಬಿಳಿ ಹಾದಿ ತೋಟದ ನಡುವೆ ಹಾಲು ಚೆಲ್ಲಿದಂತೆ ಹರಿಯಿತು. ಎರಡೂ ಕಡೆ ಬೆಳ್ಳಿ ಎಲೆಗಳು, ಹಳೇ ಬಾಗಿಲುಗಳ ಮಾಸಿದ ನೀಲಿ ಹಸಿರು. ಮುನಿಸಿಯಂತೂ ಮುನಿಸು ಮರೆತು ಮೈತುಂಬ ಹೂ ಬಿಟ್ಟಿತ್ತು. ತಂಗಿ ನನ್ನ ಕೈ ಹಿಡಿದು ಗಿರಗಿರನೆ ತಿರುಗಿಸಿದಳು. ನನಗೆ ತಲೆಸುತ್ತು ಬಂತು. ತೀರಾ ಅಪರೂಪದ್ದೇನಲ್ಲ.

ತೀರ್ಪಿನ ಬೆಳಿಗ್ಗೆ ತೋಟದ ಸುತ್ತ ಹಗ್ಗ ಕಟ್ಟಿದರು. ಹಗ್ಗ ಕಟ್ಟಿದ ಮೇಲೆ ಒಳಗೆ ಯಾರೂ ಕಾಲಿಡುವಂತಿಲ್ಲ. ತೋಟ ಮಾಡಿದವರು ಮಾತ್ರ ತೀರ್ಪುಗಾರರಿಗೆ ಕೆಲವು ಮಾತು ಹೇಳಿ ಹೊರಗೆ ಬರಬೇಕು. ಆಮೇಲೆ ತೀರ್ಪುಗಾರರ ಜೊತೆ ಮಾತಾಡಿದರೆ, ಸನ್ನೆ ಮಾಡಿದರೆ, ಅಂಕ ಕಳೆಯುತ್ತಾರೆ. ನಾನು, ಅಪ್ಪ, ಸಲೂನಿನ ಮಾಮ ಹಗ್ಗದ ಈಚೆ ನಿಂತೆವು. ಅಭ್ಯಾಸಬಲದಿಂದ ನಾನು ತೋಟವನ್ನು ಒಂದು ತುದಿಯಿಂದ ತಿದ್ದುತ್ತಾ ಬಂದೆ. ಬಾಗಿಲು ಸರಿ. ಬೆಂಚು ಸರಿ. ಫಲಕ ನೆಟ್ಟಗಿದೆ. ಹಾದಿ—

ಹಾದಿ ನನ್ನನ್ನು ನೋಡಿ ನಗುತ್ತಿತ್ತು.

ಹಾದಿಯ ನಟ್ಟನಡುವೆ, ಬಿಳಿ ಪುಡಿಯಲ್ಲಿ ಅರ್ಧ ಹೂತು, ಆರು ಹಲ್ಲುಗಳು ಆಕಾಶ ನೋಡುತ್ತಿದ್ದವು. ಅಪ್ಪ ಬಗ್ಗಿದಾಗ ಜೇಬಿನಿಂದ ಬಿದ್ದಿರಬೇಕು. ಅಪ್ಪನ ಕಡೆ ತಿರುಗಿದೆ. ಅವನು ಆಗಲೇ ತೋಟಕ್ಕೆ ಬೆನ್ನು ಹಾಕಿ, ದೂರದ ಕಸದ ಡಬ್ಬಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಯಾರೋ ಪರಿಚಯದವರು ಬಂದಾಗ ರಸ್ತೆಯಲ್ಲಿ ಅವನು ನಿಲ್ಲುವುದು ಹೀಗೆಯೇ.

ಬಂದವರು ಮೂವರು ತೀರ್ಪುಗಾರರು. ಮುಂದೆ ಮುಖ್ಯ ತೀರ್ಪುಗಾರ್ತಿ, ಹಿಂದೆ ಗಿಡಗಳ ಪ್ರೊಫೆಸರ್, ಅವರ ಹಿಂದೆ ಭೂತಗನ್ನಡಿ ಹಿಡಿದ ಕಟ್ಟಡದ ಎಂಜಿನಿಯರ್. ಮುಖ್ಯ ತೀರ್ಪುಗಾರ್ತಿ ತಂಗಿಯನ್ನು ನೋಡಿ ನಕ್ಕರು. ಎಡಗಡೆಯ ಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ನಾನು ಹಾದಿಯನ್ನು ನೋಡಿದೆ. ಅಲ್ಲಿಯೂ ಎಡಗಡೆಯ ಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಮತ್ತೆ ಮೇಲೆ ನೋಡಿದೆ. ಮತ್ತೆ ಕೆಳಗೆ.

ಊಟದ ತಟ್ಟೆಯಲ್ಲಿ ಅಪ್ಪ ಏನು ಹುಡುಕುತ್ತಿದ್ದ ಎಂದು ಆಗ ಗೊತ್ತಾಯಿತು.

ನನಗೆ ಒಂದು ಕಾಯಿಲೆಯಿದೆ. ತೀರಾ ಹೆದರಿದಾಗ ನಗು ಬರುತ್ತದೆ. ಹೊಟ್ಟೆಯಿಂದ ಗುಳುಗುಳು ಎಂದು ಎದ್ದ ನಗುವನ್ನು ಗಂಟಲಲ್ಲೇ ತಡೆದೆ. ಅದು ಮೂಗಿನಿಂದ ಹೊರಟಿತು. ತಂಗಿ ದುರುಗುಟ್ಟಿ ನೋಡಿದಳು. ಮುಖ್ಯ ತೀರ್ಪುಗಾರ್ತಿ ತಮ್ಮ ಹಲ್ಲನ್ನು ತಾವೇ ಕಂಡರೆ? ಬೇಕೆಂದೇ ಇಟ್ಟು ಹಂಗಿಸಿದ್ದಾರೆ ಎಂದುಕೊಳ್ಳದೆ ಇರುತ್ತಾರೆಯೇ? ಎಂಜಿನಿಯರ್ ಎತ್ತಿಕೊಂಡು ಭೂತಗನ್ನಡಿಯಲ್ಲಿ ನೋಡಿ “ಏನಿದು?” ಎಂದರೆ? ತಂಗಿಯ ತೋಟ ಲಾರಿ ಹತ್ತುತ್ತದೆ, ಮುನಿಸಿ ಕುಂಡ ಸೇರುತ್ತದೆ. ಇದೆಲ್ಲಕ್ಕಿಂತ ಹತ್ತಿರದ ಅಪಾಯ ನನ್ನ ಪಕ್ಕದಲ್ಲೇ ಕತ್ತು ಉದ್ದ ಮಾಡುತ್ತಿತ್ತು.

“ಅದೇನದು ಹಾದಿಲಿ, ಬಿಳೀದು, ಉಬ್ಬಿಕೊಂಡಿರೋದು?” ಎಂದ ಸಲೂನಿನ ಮಾಮ.

ಮಾಮ ನೋಡಿದರೆ ಸಂಜೆಯೊಳಗೆ ಊರು ನೋಡಿದಂತೆ.

“ಮಾಮ, ನನ್ನ ತಲೇಲಿ ಬಿಳಿ ಕೂದಲು ಬಂದಿದ್ಯಾ ನೋಡು” ಎಂದು ತಲೆಯನ್ನು ಅವನ ಮೂಗಿನ ಕೆಳಗೇ ಹಿಡಿದೆ.

“ಈಗ್ಲಾ?”

“ಈಗ್ಲೇ. ರಾತ್ರಿಯಿಂದ ಅದೇ ಯೋಚನೆ.”

ಬಗ್ಗಿದ ತಲೆ ಕಂಡ ಮೇಲೆ ಮಾಮನಿಗೆ ತೋಟವೂ ಇಲ್ಲ, ತೀರ್ಪೂ ಇಲ್ಲ. ಜೇಬಿನಿಂದ ಬಾಚಣಿಗೆ ಬಂತು. “ಅಯ್ಯಯ್ಯೋ, ಬೈತಲೆಯಿಂದ ಶುರು ನೋಡು. ಏನ್ ಎಣ್ಣೆ ಹಚ್ತೀಯ? ಹಚ್ಚೋದೇ ಇಲ್ವಾ?” ನಾನು ಅವನ ಕೈಗೆ ತಲೆ ಒಪ್ಪಿಸಿ, ಮುಖದ ಮೇಲೆ ಬಿದ್ದ ಕೂದಲ ಸಂದಿನಿಂದ ತೋಟ ನೋಡುತ್ತಾ ನಿಂತೆ.

ತಂಗಿ ತನ್ನ ಮಾತು ಮುಗಿಸಿ ಹೊರಗೆ ಬಂದಳು. ಮೂವರೂ ಹಾದಿಗಿಳಿದರು. ಮುಖ್ಯ ತೀರ್ಪುಗಾರ್ತಿ ಎಲೆ ಸವರುತ್ತಾ, ಫಲಕ ಓದುತ್ತಾ ನಡೆದು ಬಂದರು. ನೆಲ ನೋಡಿದರು. ನಿಂತರು.

ತಾವು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುವುದನ್ನು ಕಾಲಡಿಯಲ್ಲಿ ಕಂಡವರ ಮುಖ ಹೇಗಿರುತ್ತದೆ ಎಂದು ಈಗ ನನಗೆ ಗೊತ್ತು. ಮೊದಲು ಏನೂ ಆಗುವುದಿಲ್ಲ. ಆಮೇಲೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ.

ಅವರು ತಲೆಯೆತ್ತಿ ಹಗ್ಗದ ಈಚೆ ನೋಡಿದರು. ಮೊದಲು ಕಂಡದ್ದು ಅಪ್ಪನ ಬೆನ್ನು. ಆ ಬೆನ್ನನ್ನು ಅವರು ಗುರುತು ಹಿಡಿದರು. ಹೇಗೆ ಎಂದು ಕೇಳಿದರೆ ಹೇಳಲಾರೆ, ಆದರೆ ಹಿಡಿದರು. ಎಷ್ಟು ವರ್ಷಗಳಿಂದ ಈ ಬೆನ್ನು ರಸ್ತೆಯಲ್ಲಿ ತಮ್ಮನ್ನು ಕಂಡಾಗಲೆಲ್ಲ ಹೀಗೆ ತಿರುಗಿ ನಿಂತಿದೆ ಎಂಬುದು ಅವರಿಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಮುಖದ ಬಿಗಿ ಸಡಿಲವಾಯಿತು. ಬಲಗಾಲನ್ನು ಮುಂದಿಟ್ಟು, ದಪ್ಪ ಹಿಮ್ಮಡಿಯ ಬೂಟನ್ನು ಹಲ್ಲುಗಳ ಮೇಲೆ ಊರಿ ನಿಂತುಬಿಟ್ಟರು.

“ಬನ್ನಿ ಮೇಡಂ, ಈ ಗಿಡ ನೋಡಿ, ಇದು ಗುಡ್ಡ ಬಿಟ್ಟು ಬೇರೆ ಕಡೆ ಬದುಕೋದೇ ಇಲ್ಲ!” ಪ್ರೊಫೆಸರ್ ಮುನಿಸಿಯ ಮುಂದೆ ಮಂಡಿಯೂರಿ ಮಗುವಿನಂತೆ ಕೂಗಿದರು.

“ಇಲ್ಲಿಂದಲೇ ಕಾಣ್ತಿದೆ.”

“ಬೆಂಚು ನೋಡಿ, ಬರೀ ಬಟ್ಟೆ ಚಿಂದಿ!” ಎಂದರು ಎಂಜಿನಿಯರ್.

“ಇಲ್ಲಿಂದಲೇ ನೋಡ್ತೀನಿ.”

“ಹಾಗಿದ್ರೆ ಸ್ವಲ್ಪ ಸರೀರಿ, ನಿಮ್ಮ ಕಾಲ ಹತ್ರ ಹಾದಿ ಪರೀಕ್ಷೆ ಮಾಡ್ಬೇಕು.” ಅವರು ಭೂತಗನ್ನಡಿ ಹಿಡಿದು ಬಗ್ಗಿದರು.

“ಹಾದಿನ ಕಣ್ಣಲ್ಲಿ ನೋಡ್ಬಾರದು, ಕಾಲಲ್ಲಿ ಕೇಳ್ಬೇಕು. ಕೇಳಿ” ಎಂದು ಮುಖ್ಯ ತೀರ್ಪುಗಾರ್ತಿ ಹಿಮ್ಮಡಿಯನ್ನು ಒತ್ತಿದರು.

ಟಕ್.

ಆಮೇಲೆ ಹಿಮ್ಮಡಿಯನ್ನು ಮೆಲ್ಲಗೆ ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಒಂದು ಸುತ್ತು ಹಾಕಿ, ಎರಡೂ ಪಾದಗಳಿಂದ ನಿಂತಲ್ಲೇ ಲಘುವಾಗಿ ಕುಣಿದರು. ಹೌದು, ಕುಣಿದರು. ಕರಕರ ಎಂದು ಹಾದಿ ಸದ್ದು ಮಾಡಿತು. “ಎಷ್ಟು ಚೆನ್ನಾಗಿ ಪುಡಿ ಆಗತ್ತೆ ನೋಡಿ” ಎಂದರು. ಎಂಜಿನಿಯರ್ ತಾವೂ ಎರಡು ಹೆಜ್ಜೆ ಕುಣಿದು ನೋಡಿ, ತಲೆದೂಗಿ ಬರೆದುಕೊಂಡರು. ಪ್ರೊಫೆಸರಿಗೂ ತಡೆಯಲಾಗಲಿಲ್ಲ. ಮೂವರು ತೀರ್ಪುಗಾರರು ಊರಿನ ಹಲ್ಲುಗಳ ಮೇಲೆ ತಕತಕ ಹೆಜ್ಜೆ ಹಾಕುವುದನ್ನು ನಾನು ನನ್ನ ಕೂದಲ ಸಂದಿನಿಂದ ಕಂಡೆ. ನಕ್ಕೆ. ಈ ಸಲ ತಡೆಯಲಿಲ್ಲ.

“ಅಲುಗಾಡ್ಬೇಡ, ಎಣಿಕೆ ತಪ್ಪತ್ತೆ” ಎಂದು ಗದರಿದ ಮಾಮ.

ಮುಖ್ಯ ತೀರ್ಪುಗಾರ್ತಿ ಕಾಲೆತ್ತಿದಾಗ ಅಲ್ಲಿ ಬರೀ ಬಿಳಿ ಹಾದಿಯಿತ್ತು. ಅವರು ನನ್ನ ಕಣ್ಣನ್ನು ನೇರವಾಗಿ ನೋಡಿದರು. ನಾನು ನೋಡಿದ್ದನ್ನು ಅವರು ನೋಡಿದ್ದರು. ಅವರು ನಗಲಿಲ್ಲ, ನಾನೂ ನಗು ನಿಲ್ಲಿಸಿದೆ. ಅಷ್ಟೇ ನಡೆದದ್ದು.

ಸಂಜೆ ಮೈಕಿನ ಮುಂದೆ ಅವರೇ ಬಂದರು. “ಮೊದಲನೇ ಬಹುಮಾನ, ಒಂದೇ ಬೀದಿಯ ಕಸದಿಂದ ಹುಟ್ಟಿದ ತೋಟಕ್ಕೆ. ಈ ತೋಟಕ್ಕೆ ನಾನು ಅಂಕ ಕೊಟ್ಟಿಲ್ಲ, ಅದಕ್ಕೆ ನನ್ನದೇ ಕಾರಣ ಇದೆ. ಉಳಿದ ಇಬ್ಬರೂ ಪೂರ್ತಿ ಅಂಕ ಕೊಟ್ಟಿದಾರೆ.”

ಅಲ್ಲಿಂದ ಮುಂದೆ ಯಾರಿಗೂ ಏನೂ ಕೇಳಿಸಲಿಲ್ಲ. ತಂಗಿ ಅಪ್ಪನನ್ನು ನೆಲದಿಂದ ಎತ್ತಿಬಿಟ್ಟಿದ್ದಳು. “ಇಳ್ಸೇ, ಸೊಂಟ ಉಳುಕತ್ತೆ, ಇಳ್ಸೇ!” ಎಂದು ಅಪ್ಪ ಅವಳ ತಲೆ ಹಿಡಿದುಕೊಂಡು ಕೂಗುತ್ತಿದ್ದ. ಮಾಮ ಸಿಕ್ಕಸಿಕ್ಕವರಿಗೆಲ್ಲ “ಆ ಚಾಪೇಲಿರೋದು ನಮ್ಮ ಬೀದಿ ಕೂದಲು, ಆ ಕಪ್ಪು ಗುಂಗುರು ಇದ್ಯಲ್ಲ, ಅದು ಬ್ಯಾಂಕ್ ಮ್ಯಾನೇಜರದು” ಎಂದು ಹೇಳುತ್ತಿದ್ದ. ದರ್ಜಿ ಬೆಂಚಿನ ಮೇಲೆ ಕೂತು ಅಳುತ್ತಿದ್ದ.

ರಾತ್ರಿ ಮನೆಗೆ ಬಂದು, ಕಪ್ ಅನ್ನು ಊಟದ ಮೇಜಿನ ನಡುವೆ ಇಟ್ಟು, ಅದರಲ್ಲೇ ನೀರು ಕುಡಿದು, ಫೋನಿನಲ್ಲಿ ಮೇಡಂಗೆ “ನೆಲ ಸಿಕ್ತು ಮೇಡಂ, ನೆಲ ಸಿಕ್ತು” ಎಂದು ನಾಲ್ಕು ಸಲ ಹೇಳಿದ ಮೇಲೆ ತಂಗಿ ಕುರ್ಚಿಯಲ್ಲಿ ಕುಸಿದು ಕೂತಳು. ಸ್ವಲ್ಪ ಹೊತ್ತು ಕಾಲು ಅಲ್ಲಾಡಿಸಿದಳು.

“ಆದ್ರೂ ಅವರ್ಯಾಕೆ ಅಂಕ ಕೊಡ್ಲಿಲ್ಲ? ಏನೋ ತಪ್ಪು ಕಂಡಿರ್ಬೇಕು. ನಕಲಿ ಅನ್ನೋ ಥರದ್ದೇನಾದ್ರೂ? ಅಕ್ಕ, ನೀನು ಎಲ್ಲದ್ರಲ್ಲೂ ತಪ್ಪು ಹುಡುಕೋಳು. ಅಲ್ಲೇ ನಿಂತಿದ್ದೆ. ಏನಾದ್ರೂ ನೋಡಿದ್ಯಾ?”

ಒಂದೇ ವಾಕ್ಯ ಸಾಕಿತ್ತು ಅವಳಿಗೆ ಸಮಾಧಾನವಾಗಲು. ಇಲ್ಲದಿದ್ದರೆ ಈ ಮುಳ್ಳು ಅವಳಿಗೆ ಬಹಳ ಕಾಲ ಚುಚ್ಚುತ್ತದೆ ಎಂದು ನನಗೆ ಗೊತ್ತು; ಬಹುಶಃ ಯಾವಾಗಲೂ. ವಾಕ್ಯ ನಾಲಿಗೆಯ ತುದಿಗೆ ಬಂದು ಹಲ್ಲಿನ ಹಿಂದೆ ನಿಂತಿತು.

“ನಾನೆಲ್ಲಿ ನೋಡ್ದೆ? ಮಾಮನ ಹತ್ರ ಬಿಳಿ ಕೂದಲು ಎಣಿಸ್ಕೋತಿದ್ದೆ.”

“ತೀರ್ಪಿನ ಹೊತ್ತಲ್ಲಿ! ಎಷ್ಟಿತ್ತು?”

“ನಾಳೆ ಊರಿಗೆಲ್ಲ ಹೇಳ್ತಾನೆ, ಕೇಳ್ಕೋ.”

ತಂಗಿ ನಕ್ಕು, ಕಪ್ ಎತ್ತಿಕೊಂಡು ಮಲಗಲು ಹೋದಳು. ಅಪ್ಪ ಬಾಗಿಲ ಬಳಿ, ಹಾದಿ ಸವರಿದ ದಿನ ಹಾಕಿದ್ದ ಅಂಗಿಯ ಜೇಬನ್ನು ಮುಟ್ಟಿ ನೋಡುತ್ತಿದ್ದ, ಒಳಗೆ ಬೆರಳು ಹಾಕಿ, ಹೊರಗೆ ತಟ್ಟಿ. ನನ್ನನ್ನು ಕಂಡು ಕೈ ತೆಗೆದ.

“ಹಾದಿಲಿ ಎಲ್ಲ ಪುಡಿನೇ ಇತ್ತು ತಾನೆ?”

ನಾನು ಪದಗಳನ್ನು ಎಚ್ಚರಿಕೆಯಿಂದ ಆರಿಸಿದೆ. “ಅವರು ಹೋಗೋ ಹೊತ್ತಿಗೆ ಎಲ್ಲ ಪುಡಿನೇ ಇತ್ತಪ್ಪಾ.”

ಅಪ್ಪ ನನ್ನನ್ನು ಒಂದು ಗಳಿಗೆ ನೋಡಿದ. ಯಾರ ಬಾಯಿ, ಯಾರ ಕಾಲು ಎಂದು ಕೇಳಲಿಲ್ಲ. ಅಂಗಿಯನ್ನು ಒಗೆಯುವ ಬಟ್ಟೆಗೆ ಹಾಕಿ, ಏನೋ ಹಳೇ ಹಾಡು ಗುನುಗುತ್ತಾ ಒಳಗೆ ಹೋದ. ನಾನು ದೀಪ ಆರಿಸಿ ಕತ್ತಲಲ್ಲಿ ಒಬ್ಬಳೇ ಕೂತು, ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಮುಖ ಒರೆಸಿಕೊಂಡು, ಇದನ್ನು ಯಾರಿಗೂ, ತಂಗಿಗೂ, ಅಪ್ಪನಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದೆ.